ಬೋಟಿನ ಫಿನ್‌ಗಳಿಗೆ ಹೊಸ ಕಂಟ್ರೋಲ್: ವೈರ್ ಸುಲಭ, ದಿಕ್ಕು ಕಷ್ಟ

ದುಬೈನ ಮರೀನಾಗಳಲ್ಲಿ ಯಾಟ್‌ಗಳ ವೈರಿಂಗ್ ಮಾಡುತ್ತಾ ಹದಿನಾಲ್ಕು ವರ್ಷ ಆಯ್ತು. ಊರು ಮಲ್ಪೆ ಹತ್ತಿರ. ರಜೆಗೆ ಬಂದಾಗ ದಕ್ಕೆಯಲ್ಲಿ ಯಾರಾದರೂ ‘ಅಲ್ಲಿ ಎಂತ ಕೆಲಸ ಮಾರಾಯ’ ಎಂದು ಕೇಳುತ್ತಾರೆ. ‘ಬೋಟು ಹೊರಳದ ಹಾಗೆ ನೋಡಿಕೊಳ್ಳುವುದು’ ಎಂದರೆ ನಗುತ್ತಾರೆ. ನಮ್ಮ ಟ್ರಾಲ್‌ಬೋಟುಗಳಿಗೆ ಆ ಸುಖ ಇಲ್ಲವಲ್ಲ.

ಬೋಟಿನ ಹೊಟ್ಟೆಯ ಎರಡೂ ಬದಿ, ನೀರಿನೊಳಗೆ, ಮೀನಿನ ರೆಕ್ಕೆಯ ಹಾಗೆ ಚಾಚಿಕೊಂಡಿರುವುದೇ ಫಿನ್. ಬೋಟು ಒಂದು ಕಡೆ ವಾಲತೊಡಗಿದ ಕೂಡಲೇ ಆ ಬದಿಯ ಫಿನ್ ತಿರುಗುತ್ತದೆ, ಎದುರು ಬರುವ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಇನ್ನೊಂದು ಬದಿಯದನ್ನು ಕೆಳಕ್ಕೆ ಒತ್ತುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಜಪಾನಿನ ಮೊಟೋರಾ ಎಂಬುವರು 1920ರ ದಶಕದಲ್ಲೇ ಮಾಡಿ ತೋರಿಸಿದ್ದರು. ದೊಡ್ಡ ಪ್ರಯಾಣಿಕ ಹಡಗುಗಳಾದ ಕ್ವೀನ್ ಎಲಿಜಬೆತ್‌ಗೆ 1955ರಲ್ಲಿ, ಕ್ವೀನ್ ಮೇರಿಗೆ 1958ರಲ್ಲಿ ಇದು ಬಂತು.

ಹಳೆ ಯಾಟ್‌ಗಳಲ್ಲಿ ಫಿನ್, ಶಾಫ್ಟ್, ಹೈಡ್ರಾಲಿಕ್ ಸಿಲಿಂಡರ್ ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಕೈಕೊಡುವುದು ತಲೆ, ಅಂದರೆ ಫಿನ್‌ಗೆ ಯಾವಾಗ ಎಷ್ಟು ತಿರುಗಬೇಕೆಂದು ಹೇಳುವ ಕಂಟ್ರೋಲ್ ಡಬ್ಬಿ. ಬೋಟು ಹೊರಳುವ ವೇಗ ಅಳೆಯುವ, ಮೋಟಾರಿನಲ್ಲಿ ಗಿರಗಿರ ಸುತ್ತುವ ಹಳೆ ಗೈರೋದ ಬೇರಿಂಗ್ ಸವೆದು ಸದ್ದು ಮಾಡುತ್ತದೆ, ಬೋರ್ಡಿಗೆ ಬಿಡಿಭಾಗ ಸಿಗುವುದಿಲ್ಲ. ಹೊಸ ಕಂಟ್ರೋಲ್‌ನಲ್ಲಿ ಗೈರೋ ಎಂದರೆ ಒಂದು ಚಿಪ್, ನಿಮ್ಮ ಮೊಬೈಲ್‌ನಲ್ಲಿರುವ ಜಾತಿಯದೇ. ಹಳೆ ಡಬ್ಬಿ ತೆಗೆದು ಹೊಸದು ಕೂರಿಸಿದರೆ ಮುಗಿಯಿತು ಅಂದುಕೊಂಡು ಹೊರಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು: ತಪ್ಪು ತಲೆಯದೇ ಹೌದಾ?

ಬೋಟು ದಡಕ್ಕೆ ಎತ್ತಿದಾಗ ಫಿನ್‌ನ ತುದಿ ಹಿಡಿದು ಜೋರಾಗಿ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಹೋಗಿದೆ. ಒಳಗೆ ಶಾಫ್ಟ್ ಸುತ್ತ ನೀರು ಜಿನುಗುತ್ತಿದ್ದರೆ ಸೀಲ್ ಹೋಗಿದೆ. ಯಾವ ಕಂಪ್ಯೂಟರೂ ಇದನ್ನು ಸರಿಮಾಡುವುದಿಲ್ಲ. ಮೊದಲು ಅದನ್ನು ಮಾಡಿಸಿ, ಜೊತೆಗೆ ಹೈಡ್ರಾಲಿಕ್ ಎಣ್ಣೆ, ಫಿಲ್ಟರ್ ಬದಲಿಸಿ. ಎಣ್ಣೆಯಲ್ಲಿ ಕಸ ಇದ್ದರೆ ವಾಲ್ವ್ ಅಂಟಿಕೊಳ್ಳುತ್ತದೆ, ಆಮೇಲೆ ಬೈಗುಳ ಹೊಸ ಡಬ್ಬಿಗೆ.

ಎರಡನೆಯದು: ಒತ್ತಡ ಇಳಿಸಿ

ಪಂಪ್ ನಿಲ್ಲಿಸಿದರೆ ಸಾಕು ಎಂದು ಕೈ ಹಾಕಬೇಡಿ. ಎಣ್ಣೆಯ ಒತ್ತಡ ಹಿಡಿದಿಟ್ಟುಕೊಳ್ಳುವ ಅಕ್ಯುಮುಲೇಟರ್ ಇರುವ ಸಿಸ್ಟಮ್‌ನಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ. ನೀವು ಶಾಫ್ಟಿನ ತೋಳಿನ ಪಕ್ಕ ಕೈಯಿಟ್ಟಿರುವಾಗ ಯಾರೋ ಮೇಲೆ ಸ್ವಿಚ್ ಒತ್ತಿದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಗೇಜ್ ಸೊನ್ನೆಗೆ ಬರಬೇಕು, ಫಿನ್‌ಗೆ ಲಾಕ್ ಪಿನ್ ಹಾಕಬೇಕು, ಬ್ರೇಕರ್ ಮೇಲೆ ಚೀಟಿ ಅಂಟಿಸಬೇಕು.

ಮೂರನೆಯದು: ಹಳೆಯದನ್ನು ಬಿಚ್ಚುವುದು

ಪ್ರತಿ ವೈರಿಗೂ ನಂಬರ್ ಹಾಕಿ, ಫೋಟೋ ತೆಗೆದು, ಆಮೇಲೆ ಬಿಚ್ಚಿ.

ಫಿನ್ ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರ್ ಹಳೆಯದೇ ಉಳಿಯುವುದಾದರೆ ಅದನ್ನೂ ನೋಡಿಬಿಡಿ. ಸಾಮಾನ್ಯವಾಗಿ ಮೂರು ವೈರಿನ ಪೊಟೆನ್ಷಿಯೋಮೀಟರ್ ಅದು, ರೇಡಿಯೋದ ವಾಲ್ಯೂಮ್ ತಿರುಪಿನ ಹಾಗೆ. ಇಲ್ಲಿ ಮಾತ್ರ ನನಗೆ ಹಳೆಯ ಮುಳ್ಳಿನ ಮೀಟರೇ ಬೇಕು. ನಿಧಾನವಾಗಿ ತಿರುಗಿಸುತ್ತಾ ಹೋದರೆ ಮುಳ್ಳು ನುಣ್ಣಗೆ ಸರಿಯಬೇಕು. ಮಧ್ಯದಲ್ಲಿ ಒಂದು ಕಡೆ ಚಂಗನೆ ಹಾರಿದರೆ ಅಲ್ಲಿ ಪಟ್ಟಿ ಸವೆದಿದೆ. ಫಿನ್ ಜಾಸ್ತಿ ಹೊತ್ತು ಅಲ್ಲಾಡುವುದು ಮಧ್ಯದ ಆಸುಪಾಸಿನಲ್ಲೇ, ಹಾಗಾಗಿ ಸವೆತವೂ ಅಲ್ಲೇ. ಡಿಜಿಟಲ್ ಮೀಟರಿನಲ್ಲಿ ಆ ಹಾರಾಟ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೆಯದು: ವೈರಿಂಗ್

ತವರ ಲೇಪಿಸಿದ ತಾಮ್ರದ ವೈರನ್ನೇ ತನ್ನಿ. ಬರಿ ತಾಮ್ರ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ. ವೈರ್ ಕತ್ತರಿಸದೆ ಮೇಲಿಂದ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ ಬರುತ್ತದಲ್ಲ, ಕಾರಿನ ಆಡಿಯೋ ಅಂಗಡಿಯವರು ಹಾಕುವಂಥದ್ದು, ಅದನ್ನು ಬೋಟಿನಲ್ಲಿ ಹಾಕಿದವರ ಜೊತೆ ನಾನು ಚಾ ಕೂಡ ಕುಡಿಯುವುದಿಲ್ಲ. ಸೆನ್ಸರಿನ ಕೇಬಲ್‌ನ ಜಾಲರಿ ಕವಚವನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಡಬ್ಬಿಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಬಸ್ ಎಂಬ ಡೇಟಾ ಲೈನ್ ಇದ್ದರೆ ಪವರ್ ತೆಗೆದು ಎರಡು ಡೇಟಾ ವೈರ್‌ಗಳ ನಡುವೆ ಅಳೆಯಿರಿ, ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್, ಅಂದರೆ ಲೈನಿನ ಕೊನೆಗೆ ಹಾಕುವ ರೆಸಿಸ್ಟರ್, ಇಲ್ಲ.

ಗೇರಿನಿಂದ ಬರುವ ರಿವರ್ಸ್ ಸಿಗ್ನಲ್‌ಗೆ ಒಂದು ವೈರ್ ಇರುತ್ತದೆ. ‘ಇದಿಲ್ಲದೆಯೂ ಓಡುತ್ತೆ’ ಎಂದು ಅದನ್ನು ಸುತ್ತಿ ಟೇಪ್ ಹಾಕಿ ಬಿಟ್ಟುಬಿಡುತ್ತಾರೆ. ಓಡುತ್ತದೆ ನಿಜ. ಆದರೆ ಬೋಟು ಹಿಂದಕ್ಕೆ ಹೋಗುವಾಗ ನೀರು ಫಿನ್‌ನ ಹಿಂಬದಿಯಿಂದ ಬರುತ್ತದೆ, ಎತ್ತಬೇಕಾದ ಫಿನ್ ತಗ್ಗಿಸುತ್ತದೆ. ರಿವರ್ಸ್ ಹಾಕಿದ ಕೂಡಲೇ ಫಿನ್‌ಗಳು ಮಧ್ಯಕ್ಕೆ ಬಂದು ಸುಮ್ಮನಾಗಬೇಕು, ಆ ವೈರ್ ಇರುವುದೇ ಅದಕ್ಕೆ. ದಯವಿಟ್ಟು ಅದನ್ನು ಗೇರಿನವರೆಗೆ ಎಳೆದು ಜೋಡಿಸಿ.

ಗೈರೋ ಡಬ್ಬಿಯನ್ನು ಬೋಟಿನ ನಟ್ಟನಡುವೆಯೇ ಇಡಬೇಕು ಎಂದು ಒದ್ದಾಡುವವರಿದ್ದಾರೆ. ಹೊರಳುವ ವೇಗ ಬೋಟಿನ ಯಾವ ಮೂಲೆಯಲ್ಲಿ ಅಳೆದರೂ ಒಂದೇ. ಜಾಗಕ್ಕಿಂತ ಜೋಡಣೆ ಮುಖ್ಯ: ಡಬ್ಬಿಯ ಮೇಲಿನ ಬಾಣ ಸೀದಾ ಮುಂದಕ್ಕೆ ನೋಡಬೇಕು, ಗೋಡೆ ನಡುಗಬಾರದು. ಒಳಗೆ ವಾಲಿಕೆ ಅಳೆಯುವ ಇನ್ನೊಂದು ಚಿಪ್ ಕೂಡ ಇದ್ದರೆ ಆಗ ನಡುಗೆರೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಐದನೆಯದು: ಮಧ್ಯ ಮತ್ತು ದಿಕ್ಕು

ಇಲ್ಲಿ ಮಾತ್ರ ಅವಸರ ಬೇಡ. ಮೇಲಿನದೆಲ್ಲ ಅರ್ಧ ದಿನದ ಕೆಲಸ, ಇದಕ್ಕೆ ಉಳಿದರ್ಧ ಪೂರ್ತಿ ಕೊಡಿ.

ಮೊದಲು ಮಧ್ಯ. ನೀರಿಗೆ ಬಗ್ಗಿ ನೋಡಿ ‘ನೇರ ಇದೆ’ ಎಂದು ಸೊನ್ನೆ ಒತ್ತಬೇಡಿ. ನೀರೊಳಗಿನದು ಬಾಗಿದ ಹಾಗೆಯೇ ಕಾಣುವುದು. ಲಾಕ್ ಪಿನ್ ಅದರ ತೂತಿಗೆ ಸಲೀಸಾಗಿ ಇಳಿಯುವಾಗ ಫಿನ್ ಎಲ್ಲಿದೆಯೋ ಅದೇ ಮಧ್ಯ. ಪಿನ್ ಒಳಗಿರುವಾಗಲೇ ಸೊನ್ನೆ ಉಳಿಸಿ. ಎರಡೂ ಫಿನ್‌ಗೆ ಬೇರೆ ಬೇರೆ. ಆಮೇಲೆ ಪಿನ್ ತೆಗೆಯುವುದು ಮರೆಯಬೇಡಿ. ಇದೊಂದನ್ನು ನಾನೇ ಒಮ್ಮೆ ಮರೆತು, ಪಂಪ್ ಚಾಲೂ ಮಾಡಿ, ಪಿನ್ ಬಾಳೆಕಾಯಿ ಹಾಗೆ ಬಗ್ಗಿಸಿ ಕೂತವನು.

ಈಗ ದಿಕ್ಕು. ಸಿಗ್ನಲ್ ಎರಡು ಕಡೆ ತಿರುವುಮುರುವು ಆಗಬಹುದು: ಫಿನ್ ಸೆನ್ಸರಿನಲ್ಲಿ ಮತ್ತು ಗೈರೋದಲ್ಲಿ. ಸೆನ್ಸರ್ ಉಲ್ಟಾ ಇದ್ದರೆ ಪಂಪ್ ಹಾಕಿದ ತಕ್ಷಣ ಫಿನ್ ಒಂದು ತುದಿಗೆ ಹೋಗಿ ದಢ್ ಎಂದು ಬಡಿದು ಅಲ್ಲೇ ನಿಲ್ಲುತ್ತದೆ. ಇದು ಒಳ್ಳೆಯದೇ, ಕೂಡಲೇ ಗೊತ್ತಾಗುತ್ತದೆ. ಗೈರೋ ಉಲ್ಟಾ ಇದ್ದರೆ ಕಟ್ಟಿಹಾಕಿದ ಬೋಟಿನಲ್ಲಿ ಏನೂ ಗೊತ್ತಾಗುವುದಿಲ್ಲ. ಟೆಸ್ಟ್ ಮೋಡ್‌ನಲ್ಲಿ ಫಿನ್‌ಗಳು ಚೆಂದಕ್ಕೆ ಅಲ್ಲಾಡುತ್ತವೆ, ಮಾಲೀಕರು ಫೋಟೋ ತೆಗೆಯುತ್ತಾರೆ. ಸಮುದ್ರಕ್ಕೆ ಹೋಗಿ ಮೊದಲ ಅಡ್ಡ ತೆರೆ ಸಿಕ್ಕಿದಾಗ ಫಿನ್ ಬೋಟನ್ನು ಹಿಡಿಯುವ ಬದಲು ಇನ್ನಷ್ಟು ಹೊರಳಿಸುತ್ತದೆ, ಹೊರಳಿದಷ್ಟೂ ಜೋರಾಗಿ ಹೊರಳಿಸುತ್ತದೆ. ಬೇರೆಯವರು ಹೀಗೆ ಮಾಡಿಟ್ಟ ಒಂದು ಬೋಟಿನಲ್ಲಿ ನಾನಿದ್ದೆ. ಅಡುಗೆಮನೆಯ ಫ್ರಿಜ್ ಬಾಗಿಲು ತೆರೆದುಕೊಂಡು ಒಂದು ಕ್ರೇಟ್ ಮೊಟ್ಟೆ ನೆಲಕ್ಕೆ ಬಂತು.

ಪರೀಕ್ಷೆ ಹೀಗೆ ಮಾಡಿ. ಗೈರೋ ಡಬ್ಬಿಯ ಸ್ಕ್ರೂ ತೆಗೆದು, ಬಾಣ ಮುಂದಕ್ಕೇ ಇರುವಂತೆ ಕೈಯಲ್ಲಿ ಹಿಡಿದುಕೊಳ್ಳಿ. ಬೋಟು ನಿಂತಿರುವಾಗ ಕಂಟ್ರೋಲ್ ಫಿನ್‌ಗಳನ್ನು ಮಧ್ಯದಲ್ಲೇ ಇಟ್ಟಿರುತ್ತದೆ, ಆದ್ದರಿಂದ ಮೆನುವಿನ ಟೆಸ್ಟ್ ಮೋಡ್‌ನಲ್ಲಿ ಸುಳ್ಳು ವೇಗ ಒಂದನ್ನು ಕೊಡಬೇಕು. ಕೆಳಗೆ ಶಾಫ್ಟಿನ ಹತ್ತಿರ ಒಬ್ಬರು ನಿಲ್ಲಲಿ, ಕೈ ದೂರ ಇಟ್ಟುಕೊಂಡು. ಈಗ ಡಬ್ಬಿಯ ಬಲ ಅಂಚು ಕೆಳಗೆ ಹೋಗುವಂತೆ ಚುರುಕಾಗಿ ವಾಲಿಸಿ. ಬಲ ಫಿನ್‌ನ ಮುಂದಿನ ಅಂಚು ಮೇಲೇಳಬೇಕು, ಎಡ ಫಿನ್‌ನ ಮುಂದಿನ ಅಂಚು ಕೆಳಗಿಳಿಯಬೇಕು. ಚುರುಕಾಗಿ ಅಂದೆ, ಯಾಕೆಂದರೆ ಗೈರೋ ನೋಡುವುದು ವಾಲುವ ವೇಗವನ್ನು. ನಿಧಾನವಾಗಿ ವಾಲಿಸಿದರೆ ಅದಕ್ಕೆ ಏನೂ ಆಗಿಲ್ಲ ಅನಿಸುತ್ತದೆ, ನೀವು ಸೆಟ್ ಕೆಟ್ಟಿದೆ ಎಂದು ವಾಪಸ್ ಕಳಿಸುತ್ತೀರಿ. ಇನ್ನೊಂದು ಕಡೆಗೂ ವಾಲಿಸಿ. ‘ಮೇಲೆ, ಕೆಳಗೆ’ ಎಂದು ಕೆಳಗಿನವರು ಕೂಗಿ ಹೇಳಲಿ, ನೀವು ಬರೆದುಕೊಳ್ಳಿ. ಶಾಫ್ಟಿನ ತೋಳು ನೋಡಿ ಫಿನ್ ಯಾವ ಕಡೆ ಹೋಯಿತು ಎಂದು ಊಹಿಸುವಾಗ ತಲೆ ಗಿರ್ ಅನ್ನುವುದು ಸಹಜ, ಆದ್ದರಿಂದ ಬೋಟು ದಡದ ಮೇಲಿದ್ದಾಗಲೇ ತೋಳಿನ ಮೇಲೆ ಬಣ್ಣದಲ್ಲಿ ಬಾಣ ಬರೆದಿಡಿ.

ಕೊನೆಗೆ: ಸಮುದ್ರ

ಗೇನ್, ಅಂದರೆ ಹೊರಳಿಕೆಗೆ ಫಿನ್ ಎಷ್ಟು ಜೋರಾಗಿ ತಿರುಗಬೇಕೆಂಬ ಸೆಟ್ಟಿಂಗ್, ತೀರಾ ಕಡಿಮೆ ಇಟ್ಟು ಹೊರಡಿ. ತೆರೆ ಪಕ್ಕದಿಂದ ಬಡಿಯುವಂತೆ ಬೋಟು ತಿರುಗಿಸಿ, ಒಂದೊಂದೇ ಹಂತ ಏರಿಸಿ. ಫಿನ್‌ಗಳು ತುದಿಗೆ ಹೋಗಿ ಬಡಿಯತೊಡಗಿದರೆ ಎರಡು ಹಂತ ಇಳಿಸಿ, ಅಷ್ಟೇ. ವೇಗ ಬದಲಿಸಿಯೂ ನೋಡಿ. ಫಿನ್ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 8 ನಾಟ್‌ನಲ್ಲಿ ಇದ್ದುದು 16 ನಾಟ್‌ಗೆ ನಾಲ್ಕು ಪಟ್ಟು. ಹೊಸ ಕಂಟ್ರೋಲ್ ಜಿಪಿಎಸ್‌ನಿಂದ ವೇಗ ತಿಳಿದು ತಾನೇ ಕೋನ ಕಡಿಮೆ ಮಾಡಬೇಕು. ಮಾಡದಿದ್ದರೆ ಜಿಪಿಎಸ್ ವೈರ್ ನೋಡಿ. ಒಮ್ಮೆ ಬೇಕೆಂದೇ ಜಿಪಿಎಸ್ ಆರಿಸಿ, ಆಗ ಡಬ್ಬಿ ಏನು ಮಾಡುತ್ತದೆ ಎಂದು ಹಗಲಲ್ಲೇ ತಿಳಿದುಕೊಂಡಿರಿ.

ಎಲ್ಲ ಸರಿಬಂದ ಮೇಲೆ ಮಧ್ಯದ ಅಂಕಿ, ಗೇನ್, ಕೋನದ ಮಿತಿ, ಮೂರನ್ನೂ ಚೀಟಿಯಲ್ಲಿ ಬರೆದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿ. ಹಳೆ ಡಬ್ಬಿಯನ್ನು ಒಂದು ಸೀಸನ್ ಕಳೆಯುವವರೆಗೆ ಬಿಸಾಡಬೇಡಿ.