ಸೆಟ್ಟಿಯವರ ವಿಮಾನಕ್ಕೆ ಹುಬ್ಬಳ್ಳಿಯಲ್ಲಿ ರೆಕ್ಕೆ ಕಟ್ಟಿದ್ದು

ಶಾಲಾ ಮಕ್ಕಳಿಗಾಗಿ ಕಟ್ಟಿದ ಸೆಟ್ಟಿಯವರ ವಿಮಾನದ ಮಾದರಿಗೆ ಮೂರನೇ ಸಲಕ್ಕೆ ರೆಕ್ಕೆ ನೆಟ್ಟಗೆ ನಿಂತಿತು. ಆಮೇಲೆ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದವು. ಇನ್ನೂ ಹಾಗೇ ಇದೆ. "ಆಗೂದಿಲ್ಲ ಬಿಡ್ರಿ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನ ಎಸ್.ವಿ. ಸೆಟ್ಟಿಯವರ ಹೆಸರು ನಮ್ಮ ಕಡೆ ಎಷ್ಟು ಜನ ಕೇಳಿದ್ದಾರೆ? ಎಲೆಕ್ಟ್ರಿಕಲ್ ಕಲಿಯಲು ಇಂಗ್ಲೆಂಡಿಗೆ ಹೋದವರು, 1911ರಲ್ಲಿ ಎ.ವಿ. ರೋ ಅವರ ವಿಮಾನ ಕಾರ್ಖಾನೆ ‘ಆವ್ರೋ’ ಸೇರಿದರು. ಆಸ್ಟ್ರೇಲಿಯಾದ ಜಾನ್ ಡುಯಿಗನ್‌ಗಾಗಿ ಅಲ್ಲಿ ತಯಾರಾದ ಆವ್ರೋ ಡುಯಿಗನ್ ವಿಮಾನದ ವಿನ್ಯಾಸದಲ್ಲಿ ಕೈಜೋಡಿಸಿದರು. ಮರಳಿ ಬಂದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳಿದರು. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡಾಗ ನಲವತ್ತೂ ತುಂಬಿರಲಿಲ್ಲ. ಇಂಥವರನ್ನು ಮರೆತಿದ್ದೇವೆ ಅನ್ನುವುದು ನನಗೆ ನಿಜಕ್ಕೂ ಸಂಕಟ.

ಅವರನ್ನು ಮಕ್ಕಳಿಗೆ ಪರಿಚಯಿಸಬೇಕು ಅಂದೆ. "ಮೈಸೂರಿನವರು ಮಾಡಲಿ, ನಮಗ್ಯಾಕ್ರೀ?" ಅಂದರು ಗೆಳೆಯರು. ಕನ್ನಡದವರಲ್ವಾ, ಎಲ್ಲಿ ಮಾಡಿದರೇನು?

ಮೊದಲು ಎಲ್ಲರಂತೆ ಸೆಟ್ಟಿಯವರ ಬಗ್ಗೆ ಫ್ಲೆಕ್ಸ್ ಮಾಡಿಸಿದೆ. ಆರು ಫ್ಲೆಕ್ಸ್, ಸುಮಾರು 4,000 ರೂಪಾಯಿ. ವಿಮಾನ ನಿಲ್ದಾಣವಿರುವ ಗೋಕುಲ ರಸ್ತೆ ಕಡೆಯ ಒಂದು ಶಾಲೆಯಲ್ಲಿ ಕಟ್ಟಿದೆ. ಆ ಮಕ್ಕಳು ದಿನಾ ತಲೆ ಮೇಲೆ ವಿಮಾನ ನೋಡುವವರು. ಊಟದ ಬಿಡುವಿನಲ್ಲಿ ಒಬ್ಬರೂ ನಿಂತು ಓದಲಿಲ್ಲ. ಆಗ ಗೊತ್ತಾಯಿತು, ಕೈಗೆ ಏನಾದರೂ ಕೊಡಬೇಕು ಎಂದು. ರೈಲ್ವೆ ವರ್ಕ್‌ಶಾಪಿನಲ್ಲಿ ಮರದ ಅಚ್ಚು ಮಾಡಿ ಮೂವತ್ತು ವರ್ಷ ಕಳೆದವನು ನಾನು. ಆ ವಿಮಾನದ ಆರಡಿ ರೆಕ್ಕೆಯ ಮಾದರಿ ಕಟ್ಟುವುದು ನನಗೆ ಕಷ್ಟವಲ್ಲ ಅಂದುಕೊಂಡೆ.

ಚೌಕಟ್ಟು ಕಷ್ಟವಾಗಲೂ ಇಲ್ಲ. ಗುಜರಿಯಲ್ಲಿ ಸಿಗುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಪಕ್ಕೆಲುಬಿಗೆ ಮೂರು ಎಂಎಂ ಪ್ಲೈ, ತುದಿಗೆ ದೀಪದ ಮೇಲೆ ಕಾಯಿಸಿ ಬಾಗಿಸಿದ ಬಿದಿರು. ರೆಕ್ಕೆಗಳನ್ನು ಬಿಗಿಯುವ ತಂತಿಗೆ ಧಾರವಾಡದಿಂದ ತಂಬೂರಿ ತಂತಿ ತಂದೆ. ಅದನ್ನು ಎಳೆದು ನಿಲ್ಲಿಸಲು ಸೈಕಲ್ ಕಡ್ಡಿಯ ನಿಪ್ಪಲ್. ಇಷ್ಟು ನೀಟಾದ ಬಿಗಿತ ನಾನು ಬೇರೆ ಯಾರ ಮಾದರಿಯಲ್ಲೂ ನೋಡಿಲ್ಲ.

ಸೋತದ್ದು ಬಟ್ಟೆಯಲ್ಲಿ. ನಮ್ಮ ಗರಗದ ಖಾದಿಯನ್ನೇ ಹಾಕಬೇಕು ಎಂಬ ಆಸೆ. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರದು. ಆದರೆ ಆರಡಿ ಮಾದರಿಗೆ ಆ ಖಾದಿ ದಪ್ಪ, ಬಿಗಿಯಲು ಬಳಿದ ಲ್ಯಾಕರ್ (ಮರದ ಸಾಮಾನಿಗೆ ಹೊಡೆಯುವ ಮೆರುಗು) ಕುಡಿದು ಭಾರವಾಯಿತು. ಎರಡನೇ ಸಲ ತೆಳು ಹತ್ತಿಯ ಮಲ್ ಬಟ್ಟೆ. ಬಡಿಗರು ಕುರ್ಚಿ ಮೇಜಿಗೆ ಹೊಡೆಯುವ ಎನ್‌ಸಿ ಲ್ಯಾಕರ್ ಇದೆಯಲ್ಲ, ಅದು ನೈಟ್ರೋಸೆಲ್ಯುಲೋಸ್. ಹಳೆಯ ವಿಮಾನಗಳ ಬಟ್ಟೆ ಬಿಗಿಯಲು ಬಳಿಯುತ್ತಿದ್ದ ಡೋಪ್ ಕೂಡ ಅದೇ ಜಾತಿ. ಅದನ್ನೇ ಹೊಡೆದೆ. ಮೇಲ್ಮೈಗೆ ಶನಿವಾರ, ಕೆಳಗೆ ಮುಂದಿನ ವಾರ. ಅಷ್ಟರಲ್ಲಿ ರೆಕ್ಕೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸುರುಳಿಯಾಗಿತ್ತು. ಅದು ಜುಲೈ ಬೇರೆ. ತೇವದ ಗಾಳಿಗೆ ಲ್ಯಾಕರ್ ಬೆಳ್ಳಗೆ ಮಂಜು ಹಿಡಿಯಿತು. ಏಳೆಂಟು ಸಾವಿರ ನೀರಲ್ಲಿ ಹೋಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಮೂರನೆಯದನ್ನು ಫೆಬ್ರವರಿಯ ಒಣ ಹವೆಯಲ್ಲಿ ಮಾಡಿದೆ. ಮಲ್ ಬಟ್ಟೆಯನ್ನು ನೀರಲ್ಲಿ ಒದ್ದೆ ಮಾಡಿ ಹಾಸಿದೆ, ಒಣಗುವಾಗ ತಾನೇ ಬಿಗಿಯುತ್ತದೆ. ಲ್ಯಾಕರ್‌ಗೆ ತಿನ್ನರ್ ಜಾಸ್ತಿ ಹಾಕಿ ತೆಳು ಕೈ, ಎರಡೂ ಬದಿಗೆ ಅದೇ ದಿನ. ಒಣಗುವವರೆಗೆ ಸಪಾಟು ಹಲಗೆಗೆ ಬಿಗಿದಿಟ್ಟೆ. ಲ್ಯಾಕರ್ ಬಿರುಸಾಗಿ ಎಳೆಯದಿರಲು ಔಡಲ ಎಣ್ಣೆ ಬೆರೆಸಿದೆ. ಎಷ್ಟು ಹನಿ ಎಂದು ಮಾತ್ರ ಕೇಳಬೇಡಿ, ಅದಕ್ಕೆ ನಾನು ಎರಡು ವರ್ಷ ಕೊಟ್ಟಿದ್ದೇನೆ. ಬಾಲಕ್ಕೆ ಮಾತ್ರ ಗರಗದ ಖಾದಿಯನ್ನೇ ಉಳಿಸಿಕೊಂಡೆ.

ನಡುವೆ ಅಂಟಿನ ಹಿಂದೆ ಬಿದ್ದು ಒಂದು ತಿಂಗಳು ಹೋಯಿತು. ಅಕ್ಕಿ ಗಂಜಿಗೆ ಜಿರಳೆ ಬಂತು. ಕಿನ್ನಾಳದ ಕಲೆಗಾರರು ಬೊಂಬೆಗೆ ಬಳಸುವ ಹುಣಸೆ ಬೀಜದ ‘ಸರಿ’, ಅಂದರೆ ಅಂಟು, ಮಾಡಿ ನೋಡಿದೆ. ಬಟ್ಟೆ ಬಿದಿರಿಗೆ ಗಟ್ಟಿಯಾಗಿ ಹಿಡಿಯಿತು, ವಾಸನೆಯೂ ಇಲ್ಲ. ಹುಳ ಹಿಡಿಯದಂತೆ ಒಂದು ವಸ್ತು ಸೇರಿಸುತ್ತೇನೆ, ಅದೂ ನನ್ನಲ್ಲೇ ಇರಲಿ.

ನನ್ನ ವಿಧಾನ ಹುಟ್ಟಿದ್ದು ಆ ಹುಣಸೆ ಸರಿಯಿಂದಲೇ. ಅದು ಮಕ್ಕಳ ಕೈಗೂ ಕೊಡಬಹುದಾದ ಅಂಟು. ಹಾಗಾಗಿ ಬಲಗಡೆಯ ಕೆಳ ರೆಕ್ಕೆಯನ್ನು ಬೇಕಂತಲೇ ಬರೀ ಎಲುಬಾಗಿ ಬಿಟ್ಟೆ. ಶಾಲೆಗೆ ಒಯ್ದಾಗ ಬಟ್ಟೆ ಅಂಟಿಸುವುದು ಮಕ್ಕಳೇ. ಅಂಟಿಸುತ್ತಿರುವಾಗ ನಾನು ಸೆಟ್ಟಿಯವರ ಕತೆ ಹೇಳುತ್ತೇನೆ. ಮುಗಿದ ಮೇಲೆ ಬೇರೆ ಒಂದು ಸಣ್ಣ ರೆಕ್ಕೆಯ ತಂತಿ ಎಳೆಯಲು ಕೊಡುತ್ತೇನೆ. ಆ ಕಾಲದಲ್ಲಿ ರೆಕ್ಕೆಯನ್ನೇ ತಿರುಚಿ ವಿಮಾನ ವಾಲಿಸುತ್ತಿದ್ದರಲ್ಲ, ಅದು ಕೈಗೇ ಗೊತ್ತಾಗುತ್ತದೆ. ಮನೆಗೆ ಬಂದು ಬಟ್ಟೆ ಬಿಚ್ಚಿ ತೊಳೆದರೆ ಮುಂದಿನ ಶಾಲೆಗೆ ಎಲುಬು ಸಿದ್ಧ.

"ಪ್ರದರ್ಶನದ ವಸ್ತು ಮುಟ್ಟಿಸಬಾರದು, ವಾರದಲ್ಲಿ ಮುರೀತಾರ" ಎಂದು ಹಿರಿಯ ಮೇಷ್ಟ್ರೊಬ್ಬರು ಎಚ್ಚರಿಸಿದ್ದರು. ಮೂವತ್ತಕ್ಕೂ ಜಾಸ್ತಿ ಶಾಲೆ ಆಯಿತು. ಮುರಿದದ್ದು ನಾಲ್ಕು ಪಕ್ಕೆಲುಬು, ತಲಾ 15 ರೂಪಾಯಿಯ ಪ್ಲೈ. ಆ ಮೊದಲಿನ ಫ್ಲೆಕ್ಸ್ ಶಾಲೆಗೂ ಹೋಗಿದ್ದೆ. ಆರು ತಿಂಗಳ ನಂತರ ಅದೇ ದಾರಿಯಲ್ಲಿ ಹೋಗುವಾಗ ಹುಡುಗಿಯೊಬ್ಬಳು ಗೇಟಿನಿಂದಲೇ ಕೂಗಿದಳು, "ಅಜ್ಜಾರ, ಸೆಟ್ಟಿಯವರ ವಿಮಾನ ಮತ್ತ ಯಾವಾಗ ತರ್ತೀರಿ?" ಹೆಸರು ನಾನು ನೆನಪಿಸಿರಲಿಲ್ಲ.

ಒಟ್ಟು ಖರ್ಚು 22,000 ದಾಟಿದೆ, ಫ್ಲೆಕ್ಸ್ ಸೇರಿ. ಈಗ ಹೊಸದಾಗಿ ಮಾಡಿದರೆ ಒಂಬತ್ತು ಸಾವಿರದಲ್ಲಿ ಮುಗಿಸುತ್ತೇನೆ. ರೆಕ್ಕೆ ಬಿಚ್ಚಿದರೆ ಟಂಟಂ ಗಾಡಿಯಲ್ಲಿ ಹಿಡಿಯುತ್ತದೆ. ಗದಗಿನ ಶಾಲೆಯೊಂದು ಎರಡು ದಿನ ಕೇಳಿದೆ. ಅವರಿಗಾಗಿ ಇನ್ನೊಂದು ಎಲುಬಿನ ರೆಕ್ಕೆ ಕೊಯ್ದಿಟ್ಟಿದ್ದೇನೆ, ಎಡಗಡೆಯದು.