ಹೊಸ ಬೋರ್ಡ್ ಆಟ ಹಿಡಿದು ಆಟಿಕೆ ಮೇಳಕ್ಕೆ: ಕಾರವಾರ, ಶಿರಸಿ ಕಡೆಯವರಿಗೆ

ಆಟ ಕಟ್ಟಿದ್ದಾಗಿದೆ, ಕಂಪನಿಗೆ ಕೊಟ್ಟು ರಾಯಲ್ಟಿ (ಮಾರಿದ ಪ್ರತಿ ಡಬ್ಬಕ್ಕೂ ಸಿಗುವ ಪಾಲು) ಪಡೆಯಬೇಕು ಎನ್ನುವವರು ಮೊದಲು ಯಾವ ಮೇಳಕ್ಕೆ ಹೋಗುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ದೆಹಲಿಯ ಪ್ರಗತಿ ಮೈದಾನದ ಟಾಯ್ ಬಿಜ್, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ವರ್ಷದ ಆರಂಭಕ್ಕೆ ನಡೆಯುವ ಸ್ಪೀಲ್‌ವಾರೆನ್‌ಮೆಸ್ಸೆ ವ್ಯಾಪಾರಿಗಳ ಮೇಳಗಳು. ಅಲ್ಲಿ ಸ್ಟಾಲ್ ಹಾಕಿದವರಿಗೆ ಅಂಗಡಿಯವರ ಆರ್ಡರ್ ಮುಖ್ಯ. ಅದೇ ದೇಶದ ಎಸೆನ್‌ನಲ್ಲಿ ಅಕ್ಟೋಬರಿಗೆ ಬರುವ ಸ್ಪೀಲ್‌ನಲ್ಲಿ ಸಾಮಾನ್ಯ ಜನರೂ ಟಿಕೆಟ್ ತೆಗೆದು ಒಳಹೋಗಿ ಕೂತು ಆಡುತ್ತಾರೆ. ವ್ಯಾಪಾರಿ ಮೇಳಕ್ಕೆ ನೋಂದಾಯಿಸುವಾಗ ವ್ಯವಹಾರದ ದಾಖಲೆ ಕೇಳಬಹುದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಮೊದಲೇ ಮಾಡಿಸಿಡಿ.

ಅಪಾಯಿಂಟ್‌ಮೆಂಟ್ ಇಲ್ಲದೆ ಹೋದರೆ ವಿಸಿಟಿಂಗ್ ಕಾರ್ಡ್ ಕೊಟ್ಟು ವಾಪಸ್ ಬರುವುದಷ್ಟೇ ಆಗುತ್ತದೆ. ಆರು ವಾರ ಮುಂಚೆ ಸ್ಟಾಲುಗಳ ಪಟ್ಟಿ ತೆಗೆದು, ನಿಮ್ಮ ಆಟದ ಬೆಲೆ ಮತ್ತು ವಯಸ್ಸಿಗೆ ಹೊಂದುವ ಎಂಟು ಹತ್ತು ಕಂಪನಿಗಳನ್ನು ಆರಿಸಿ. ಹೊಸ ಆಟಗಳನ್ನು ನೋಡುವವರ ಹೆಸರು ಕೇಳಿ ಪಡೆದು ಅವರಿಗೇ ಬರೆಯಿರಿ, ಸೇಲ್ಸ್‌ನವರಿಗಲ್ಲ. ಐದಾರು ಸಾಲಿನ ಇ-ಮೇಲ್, ಎರಡು ನಿಮಿಷದ ವಿಡಿಯೊ, ಒಂದು ಎ4 ಹಾಳೆ ಸಾಕು. ಹಾಳೆಯಲ್ಲಿ ಎಷ್ಟು ಜನ, ಯಾವ ವಯಸ್ಸು, ಎಷ್ಟು ನಿಮಿಷ, ಡಬ್ಬದಲ್ಲಿ ಏನೇನು ಎಷ್ಟೆಷ್ಟು, ಆಟ ನಡೆಯುತ್ತಿರುವ ಒಂದು ಫೋಟೊ ಇರಲಿ. ಈ ಆಟದಲ್ಲಿ ಮಾತ್ರ ಆಗುವುದೇನು ಎಂಬ ಒಂದು ಸಾಲು ಎಲ್ಲಕ್ಕಿಂತ ಮೇಲೆ ಬರಲಿ. ಭೇಟಿಗೆ ಮೊದಲ ದಿನದ ಬೆಳಿಗ್ಗೆ ಕೇಳಬೇಡಿ. ಕೊನೆಯ ದಿನದ ಮಧ್ಯಾಹ್ನ ಅವರಿಗೂ ಪುರಸೊತ್ತು.

ಕಂಪನಿಗೆ ತೋರಿಸಲು ಒಯ್ಯುವ ಆಟದ ಮಾದರಿಯ ವಿಷಯದಲ್ಲಿ ನಮ್ಮ ಕರಾವಳಿಗೆ ತನ್ನದೇ ಕಷ್ಟವಿದೆ. ದೆಹಲಿ ಮೇಳ ಬರುವುದು ಮಳೆಗಾಲದಲ್ಲಿ. ಆಗ ಕಾರವಾರದ ಗಾಳಿಯಲ್ಲಿ ಎರಡು ದಿನ ಬಿಟ್ಟ ಆರ್ಟ್ ಕಾರ್ಡ್ (ನುಣುಪಾದ ದಪ್ಪ ಕಾಗದ) ಹಲಸಿನ ಹಪ್ಪಳದ ಹಾಗೆ ಬಾಗುತ್ತದೆ. ಮುದ್ರಣವಿರುವ ಬದಿ ತೇವ ಕಡಿಮೆ ಹೀರುತ್ತದೆ, ಬರಿ ಕಾಗದದ ಬದಿ ಹೆಚ್ಚು ಹೀರಿ ಹಿಗ್ಗುತ್ತದೆ, ಅದಕ್ಕೇ ಬಾಗು. ಉಪಾಯ ಸುಲಭ: ಆಟದ ಕಾರ್ಡುಗಳನ್ನು ಮಾಮೂಲಿ ಕಾಗದದಲ್ಲಿ 63×88 ಮಿ.ಮೀ. ಅಳತೆಗೆ ಮುದ್ರಿಸಿ, ಅದೇ ಅಳತೆಯ ಇಸ್ಪೀಟು ಎಲೆಯನ್ನು ಹಿಂದೆ ಇಟ್ಟು ಪ್ಲಾಸ್ಟಿಕ್ ಸ್ಲೀವ್‌ಗೆ (ಕಾರ್ಡಿನ ಚೀಲಕ್ಕೆ) ತುರುಕಿ. ನಿಯಮ ಬದಲಾದರೆ ಕಾಗದ ಮಾತ್ರ ಬದಲಿಸಿದರಾಯಿತು. ಬೋರ್ಡಿನ ಎರಡೂ ಬದಿಗೆ ಕಾಗದ ಅಂಟಿಸಿ. ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಕಾಯಿಗೆ ಗುಲಗಂಜಿ ಬಳಸಲೇಬೇಡಿ. ನೋಡಲು ಚೆಂದ, ಆದರೆ ಅದರೊಳಗಿನ ಅಬ್ರಿನ್ ಘೋರ ವಿಷ. ಒಡೆದ ಬೀಜ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಮಕ್ಕಳ ಆಟಿಕೆ ಮಾಡುವ ಕಂಪನಿ ಅದನ್ನು ಕಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕವಡೆಯೋ ಮರದ ಕಾಯಿಯೋ ಆದೀತು.

ಚನ್ನೆಮಣೆ, ಹುಲಿ-ಕುರಿ ಆಟಗಳಿಂದ ಹೊರಟವರು, ಹಳೆಯ ಆಟ ಎಲ್ಲರ ಸೊತ್ತು ಎಂಬುದನ್ನು ಮರೆಯಬಾರದು. ಗುಳಿಗಳಿಗೆ ಯಕ್ಷಗಾನದ ಬಣ್ಣ ಹಚ್ಚಿದ್ದಷ್ಟೇ ಆದರೆ ಕಂಪನಿ ನಿಮಗೇಕೆ ರಾಯಲ್ಟಿ ಕೊಡಬೇಕು? ನೀವು ಸೇರಿಸಿದ ನಿಯಮ ಯಾವುದು, ಅದರಿಂದ ಆಟ ಎಲ್ಲಿ ತಿರುಗುತ್ತದೆ ಎಂದು ಕೈಯಾರೆ ತೋರಿಸಿ.

ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ನಿಯಮ ಓದುತ್ತ ಕೂರಬೇಡಿ. ಅರ್ಧ ಆಟ ಮುಗಿದ ಸ್ಥಿತಿಗೆ ಕಾಯಿ ಜೋಡಿಸಿಟ್ಟು, ಎದುರಿನವರಿಗೆ ಎರಡು ದಾರಿ ಇರುವ ಒಂದು ನಡೆ ಕೊಡಿ. ಅವರು ಯೋಚಿಸುವಾಗ ಸುಮ್ಮನಿರಿ. ಈ ಮೌನ ತಡೆಯಲಾಗದೆ ಉತ್ತರ ಹೇಳಿಬಿಡುವವರೇ ಹೆಚ್ಚು, ಹೇಳಿದರೆ ಆಟದ ಸ್ವಾದವೇ ಹೋಯಿತು. ಅವರು ಎಲ್ಲಿ ತಡವರಿಸಿದರು ಎಂಬುದನ್ನು ಆಚೆ ಬಂದ ಕೂಡಲೇ ಬರೆದುಕೊಳ್ಳಿ.

ಕದಿಯುತ್ತಾರೆಂದು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಕೇಳಿದರೆ ಬಹಳಷ್ಟು ಕಂಪನಿಗಳು ಆಟವನ್ನೇ ನೋಡುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ನಿಯಮ ಪುಸ್ತಕದ ಬರಹ, ಚಿತ್ರಗಳಿಗೆ ಕೃತಿಸ್ವಾಮ್ಯ ಉಂಟು. ಹೆಸರಿಗೆ ಆಟ, ಆಟಿಕೆಗಳ 28ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಹಾಕಬಹುದು. ಆದರೆ ಹೊಸ ಯಂತ್ರರಚನೆಯಿರುವ ಆಟಿಕೆಯಾದರೆ, ಮೇಳದಲ್ಲಿ ತೋರಿಸುವ ಮೊದಲೇ ಪ್ರಾವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿ. ಪೂರ್ಣ ಅರ್ಜಿಗೆ 12 ತಿಂಗಳ ಅವಕಾಶವಿದೆ.

ಶಿರಸಿಗೆ ರೈಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು, ಇಲ್ಲವೇ ಹುಬ್ಬಳ್ಳಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಘಟ್ಟದಲ್ಲಿ ಗುಡ್ಡ ಕುಸಿದರೆ ಬಸ್ಸೂ ಇಲ್ಲ. ಒಂದು ದಿನ ಮುಂಚೆಯೇ ತಲುಪುವಂತೆ ಹೊರಡಿ.

ಮೇಳ ಮುಗಿದ ವಾರದೊಳಗೆ ಮತ್ತೆ ಬರೆಯಿರಿ. ಒಪ್ಪಂದದ ಮಾತು ಬಂದರೆ, ರಾಯಲ್ಟಿ ಯಾವ ಬೆಲೆಯ ಮೇಲೆ ಎಂದು ಕೇಳಿ. ಡಬ್ಬದ ಎಂಆರ್‌ಪಿ 600 ರೂಪಾಯಿ, ಅಂಗಡಿಯಿಂದ ಕಂಪನಿಗೆ ಬರುವುದು 300 ಎಂದಿಟ್ಟುಕೊಳ್ಳಿ. ಶೇ 6 ಎಂದರೆ ನಿಮಗೆ ಡಬ್ಬಕ್ಕೆ 36 ಅಲ್ಲ, 18 ರೂಪಾಯಿ. ಎರಡು ಸಾವಿರ ಡಬ್ಬ ಹೋದರೆ 36,000. ಇಂತಿಷ್ಟು ತಿಂಗಳೊಳಗೆ ಆಟ ಮಾರುಕಟ್ಟೆಗೆ ಬರದಿದ್ದರೆ ಹಕ್ಕು ನಿಮಗೇ ಮರಳುತ್ತದೆ, ಕಂಪನಿ ನಿಮಗೆ ಕೊಟ್ಟ ಮುಂಗಡ ವಾಪಸ್ ಕೇಳುವಂತಿಲ್ಲ ಎಂಬ ಸಾಲು ಕಾಗದದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.