ವೇಗ ಶೇ. 100, ಚಿತ್ರ ಮಾತ್ರ ಕುಲುಕುತ್ತಿತ್ತು

ಮಂಡ್ಯದ ನೂರಡಿ ರಸ್ತೆಯ ಹತ್ತಿರ 2005ರಿಂದ ಸುಮಾರು ಏಳು ವರ್ಷ ನಾನು ಗೇಮ್ ಪಾರ್ಲರ್ ನಡೆಸಿದೆ. ಮೂರು ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2 ಆಟದ ಯಂತ್ರ), ಮೂರು 21 ಇಂಚಿನ ಡಬ್ಬಾ ಟಿವಿ, ಗಂಟೆಗೆ 20 ರೂಪಾಯಿ. ಕಾಲೇಜು ಬಿಟ್ಟ ಹೊತ್ತಿನಲ್ಲಿ ಬಾಗಿಲವರೆಗೂ ಹುಡುಗರು ನಿಂತಿರುತ್ತಿದ್ದರು. ಆಮೇಲೆ ಅಂಗಡಿ ಮುಚ್ಚಿ ಮದುವೆ ಆಲ್ಬಮ್ ಮತ್ತು ವಿಡಿಯೊ ಎಡಿಟಿಂಗ್‌ಗೆ ಇಳಿದೆ. ಮ್ಯಾಕ್ ನನ್ನ ಮನೆಗೆ ಬಂದದ್ದು ಆ ಕೆಲಸಕ್ಕಾಗಿ. ಪಾರ್ಲರಿನ ಡಿಸ್ಕ್‌ಗಳಲ್ಲಿ ಅಸಲಿಯಾದ ಮೂವತ್ತೊಂದನ್ನು ಅಟ್ಟದ ಮೇಲೆ ಡಬ್ಬದಲ್ಲಿ ಇಟ್ಟಿದ್ದೆ. ಕನ್ಸೋಲ್‌ಗಳಲ್ಲಿ ಎರಡು ಸತ್ತವು, ಮೂರನೆಯದರ ಲೆನ್ಸ್ ಹೋಯಿತು. ಆ ಆಟಗಳನ್ನು ಮ್ಯಾಕ್ ಮೇಲೆ, ಅಂದಿನಷ್ಟೇ ನಯವಾಗಿ ಆಡಬೇಕು ಎನ್ನುವುದೊಂದೇ ನನ್ನ ಹಟ.

ನನ್ನ ಭಾವಮೈದ ಮೈಸೂರಿನಲ್ಲಿದ್ದಾನೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡಿದ್ದಾನೆ. 'ಭಾವ, ಮ್ಯಾಕ್‌ನಲ್ಲಿ ಆಲ್ಬಮ್ ಮಾಡಿ. ಆಟ ಆಡಬೇಕು ಅನ್ನಿಸಿದರೆ ನಮ್ಮ ಮನೆಗೆ ಬನ್ನಿ' ಎಂದು ಮೂರು ವರ್ಷದಿಂದ ಹೇಳುತ್ತಲೇ ಬಂದಿದ್ದ. ಹಳೆಯ ಗಿರಾಕಿಗಳೂ ಅದನ್ನೇ ಹೇಳಿದರು. ಕಳೆದ ಆಷಾಢದಲ್ಲಿ ಅದು ಸುಳ್ಳಾಯಿತು. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೊ ಖಾಲಿ. ನನ್ನ ಪ್ರಯೋಗಗಳೆಲ್ಲ ನಡೆಯುವುದು ಆ ತಿಂಗಳಲ್ಲೇ.

ಡಿಸ್ಕ್‌ನಿಂದ ಐಎಸ್‌ಒ, ಅಂದರೆ ಇಡೀ ಡಿಸ್ಕ್‌ನ ನಕಲು ಫೈಲ್, ತೆಗೆಯುವ ಬಗೆಯನ್ನು ಇಲ್ಲಿ ವಿವರಿಸುವುದಿಲ್ಲ. ಹೊರಗಿನ ಡಿವಿಡಿ ಡ್ರೈವ್‌ಗೆ 1,800 ರೂಪಾಯಿ ಆಯಿತು. ಮೂವತ್ತೊಂದರಲ್ಲಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಡಿಸ್ಕ್ ಪೂರ್ತಿ ಓದಿದವು. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್ ಕೂಡ ಬೇಕು, ಅದನ್ನು ತೆಗೆದದ್ದು ಲೆನ್ಸ್ ಹೋದ ನನ್ನ ದಪ್ಪ ಪಿಎಸ್2ನಿಂದಲೇ. ಲೆನ್ಸ್ ಹೋಗಿದ್ದರೂ ಮೆಮೊರಿ ಕಾರ್ಡ್‌ನಿಂದ ಯಂತ್ರ ಎದ್ದು ನಿಲ್ಲುತ್ತದೆ. ಹಾಗೆ ಎಬ್ಬಿಸುವ ಫ್ರೀ ಎಂಸಿಬೂಟ್ ತಂತ್ರಾಂಶ ತುಂಬಿದ ಕಾರ್ಡ್‌ಗೆ 900 ರೂಪಾಯಿ. ಬಯೋಸ್ ಬರೀ 4 ಎಂಬಿ, ಆದ್ದರಿಂದ ಪಿಎಸ್2ನ ಹಳೆಯ ಯುಎಸ್‌ಬಿ 1.1 ವೇಗವೇ ಸಾಕು.

ಮೊದಲ ಸೋಲು 2017ರ ಇಂಟೆಲ್ ಮ್ಯಾಕ್‌ಬುಕ್ ಏರ್‌ನಲ್ಲಿ ಆಯಿತು. 1.8 ಗಿಗಾಹರ್ಟ್ಸ್‌ನ ಐ5, ಕೋರ್ ಎರಡೇ. ಪಿಎಸ್2ನಂತೆ ನಟಿಸುವ ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್ ತಂತ್ರಾಂಶ ಹಾಕಿ, ಕಾರು ರೇಸಿನ ಗ್ರಾನ್ ಟುರಿಸ್ಮೊ 4 ಓಡಿಸಿದರೆ ವೇಗ ಅಸಲಿ ಯಂತ್ರದ ಶೇ. 50, ಹೆಚ್ಚೆಂದರೆ 55. ಕಾರಿನ ಸದ್ದು ಹಳೆಯ ಕ್ಯಾಸೆಟ್ ಎಳೆದಂತೆ ಕೇಳುತ್ತಿತ್ತು. ಕೆಲಸವನ್ನು ಇನ್ನೊಂದು ಕೋರ್‌ಗೆ ಹಂಚುವ ಎಂಟಿವಿಯು ಆಯ್ಕೆ ಹಾಕಿದೆ, ಇಇ (ಪಿಎಸ್2ನ ಮುಖ್ಯ ಪ್ರೊಸೆಸರ್) ಒಂದು, ಜಿಎಸ್ (ಚಿತ್ರ ಬಿಡಿಸುವ ಚಿಪ್) ಒಂದು, ವಿಯು (ಲೆಕ್ಕದ ಸಹಾಯಕ ಘಟಕ) ಒಂದು ಎಂದು ಒಟ್ಟಿಗೇ ನಡೆಯುವ ಮೂರು ಎಳೆಗಳಿರುವಾಗ ಎರಡು ಕೋರ್ ಎಲ್ಲಿ ಸಾಕಾಗುತ್ತದೆ? ಒಳಗೆ ಚಿಪ್‌ನ ಶಾಖ ದಾಟಿಸುವ ಪೇಸ್ಟ್ ಒಣಗಿದೆ ಎಂದುಕೊಂಡು 600 ರೂಪಾಯಿ ಕೊಟ್ಟು ಬದಲಾಯಿಸಿದೆ. ಫ್ಯಾನ್ ಸದ್ದು ತಗ್ಗಿತು, ವೇಗ ಎರಡು ಅಂಕ ಏರಿತು. ಆಗ ಇಇ ಸೈಕಲ್ ರೇಟ್, ಅಂದರೆ ತಂತ್ರಾಂಶದೊಳಗೆ ನಟಿಸುವ ಇಇಯ ವೇಗ, ಇಳಿಸಿದೆ. ವೇಗ ಶೇ. 90ರ ಹತ್ತಿರ ಬಂತು, ಸಂತೋಷಪಟ್ಟೆ. ಒಂದು ವಾರ ಆಡಿದ ಮೇಲೆ ಮೋಸ ಗೊತ್ತಾಯಿತು. ರೇಟ್ ಇಳಿಸಿದರೆ ಮ್ಯಾಕ್‌ಗೆ ಭಾರ ತಗ್ಗುತ್ತದೆ, ಆದರೆ ಆಟದ ಒಳಗಿನ ಪ್ರೊಸೆಸರ್ ಸೊರಗಿ ಆಟವೇ ಫ್ರೇಮ್‌ಗಳನ್ನು ಬಿಡುತ್ತದೆ. ಪರದೆಯ ಮೂಲೆಯ ವೇಗದ ಅಂಕಿ ಚೆನ್ನಾಗಿ ಕಾಣುತ್ತದೆ, ಆಟ ಚೆನ್ನಾಗಿರುವುದಿಲ್ಲ. ಅಂದಿನಿಂದ ಆ ರೇಟನ್ನು ಶೇ. 100ರಿಂದ ಕೆಳಗೆ ಇಳಿಸಿಲ್ಲ.

ಆ ಯಂತ್ರವನ್ನು 16 ಸಾವಿರಕ್ಕೋ 17 ಸಾವಿರಕ್ಕೋ ಮಾರಿ, ಮೈಸೂರಿನಲ್ಲಿ ಆಪಲ್‌ನ ಸ್ವಂತ ಎಂ1 ಚಿಪ್ ಇರುವ ಹಳೆಯ ಏರ್ ಒಂದನ್ನು 47 ಸಾವಿರಕ್ಕೆ ತಂದೆ. 8 ಜಿಬಿ ಮೆಮೊರಿ, 7 ಕೋರ್‌ನ ಜಿಪಿಯು (ಗ್ರಾಫಿಕ್ಸ್ ಭಾಗ). ಮೊದಲ ಹತ್ತು ನಿಮಿಷ ಗ್ರಾನ್ ಟುರಿಸ್ಮೊ ಶೇ. 100ಕ್ಕೆ ಅಂಟಿಕೊಂಡಿತ್ತು, ಅದೂ ಮೂರುಪಟ್ಟು ರೆಸಲ್ಯೂಶನ್‌ನಲ್ಲಿ. ಭಾವಮೈದನಿಗೆ ಆಗಲೇ ಫೋನ್ ಮಾಡಿದೆ. ಹನ್ನೆರಡನೆಯ ನಿಮಿಷಕ್ಕೆ 90, ಹದಿನೈದಕ್ಕೆ 75. ಫೋನ್ ಮಾಡಿದ್ದು ಅವಸರವಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಪರದೆಯ ಮೂಲೆಯಲ್ಲಿ ಇಇ, ಜಿಎಸ್, ವಿಯು ಎಂದು ಮೂರು ಶೇಕಡಾವಾರು ಅಂಕಿಗಳು ಬರುತ್ತವಲ್ಲ, ಅವನ್ನು ನೋಡದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ವೇಗ ಬಿದ್ದ ಕೂಡಲೇ ಎಲ್ಲರೂ ರೆಸಲ್ಯೂಶನ್ ಇಳಿಸುತ್ತಾರೆ. ನಾನೂ ಇಳಿಸಿದೆ, ಏನೂ ಆಗಲಿಲ್ಲ. ಅಂಕಿ ನೋಡಿದಾಗ ಜಿಎಸ್ ಮೂವತ್ತರಲ್ಲಿ ಆರಾಮವಾಗಿತ್ತು, ಇಇ ಮಾತ್ರ 98. ಅಂದರೆ ಚಿತ್ರ ಬಿಡಿಸುವವನಿಗೆ ಕೆಲಸವೇ ಇಲ್ಲ, ಲೆಕ್ಕ ಮಾಡುವವನು ಬಸವಳಿದಿದ್ದಾನೆ. ಪಿಎಸ್2ನ ಇಇ, ಅಂದರೆ ಎಮೋಷನ್ ಎಂಜಿನ್, ಸುಮಾರು 295 ಮೆಗಾಹರ್ಟ್ಸ್‌ನದು, 3.2 ಗಿಗಾಹರ್ಟ್ಸ್‌ನ ಎಂ1ಗೆ ಅದು ಯಾವ ಲೆಕ್ಕ ಎನ್ನಿಸಬಹುದು. ಆದರೆ ನಾನು ಹಾಕಿದ ಪಿಸಿಎಸ್‌ಎಕ್ಸ್2 ಇಂಟೆಲ್ ಮಾದರಿಯ ಚಿಪ್‌ಗೆ ಬರೆದದ್ದು. ಅದು ಪಿಎಸ್2ನ ಕೋಡನ್ನು ಇಂಟೆಲ್ ಕೋಡ್ ಮಾಡುತ್ತದೆ, ಆಪಲ್‌ನ ಅನುವಾದ ತಂತ್ರಾಂಶ ರೊಸೆಟ್ಟಾ ಅದನ್ನು ಮತ್ತೆ ಎಂ1ಗೆ ತಿರುಗಿಸುತ್ತದೆ. ಒಂದೇ ಮಾತಿಗೆ ಇಬ್ಬರು ದುಭಾಷಿಗಳು. ಆಟದಲ್ಲಿ ಹೊಸ ಜಾಗಕ್ಕೆ ಹೋದ ಕೂಡಲೇ ಒಂದು ಕ್ಷಣ ತಡವರಿಸಿ, ಎರಡನೆಯ ಸಲ ಹೋದಾಗ ಸರಿಯಾಗುವುದು ಅದಕ್ಕೇ.

ಇದು ನಿಜವೇ ಎಂದು ಪರೀಕ್ಷಿಸಲು ದಾರಿ ತಪ್ಪಿ ಡಾಲ್ಫಿನ್ ಎಂಬ, ನಿಂಟೆಂಡೊ ವೀ ಆಟಗಳ ಎಮ್ಯುಲೇಟರ್ ಕಡೆಗೂ ಹೋದೆ. ಅಮೆರಿಕದಿಂದ ವಾಪಸು ಬಂದ ನೆಂಟರ ಮನೆಯಲ್ಲಿ ಒಂದು ವೀ ಕನ್ಸೋಲ್ ಇತ್ತು. ಅದರ ಡಿಸ್ಕ್‌ಗಳನ್ನು ನಮ್ಮ ಡ್ರೈವ್ ಓದುವುದಿಲ್ಲ, ಆ ಕನ್ಸೋಲ್‌ನಿಂದಲೇ ಎಸ್‌ಡಿ ಕಾರ್ಡ್‌ಗೆ ತೆಗೆದುಕೊಂಡೆ. ವೀ ಪ್ರೊಸೆಸರ್ 729 ಮೆಗಾಹರ್ಟ್ಸ್‌ನ ಪವರ್‌ಪಿಸಿ, ಪಿಎಸ್2ಗಿಂತ ಹೊಸದು. ಆದರೆ ಡಾಲ್ಫಿನ್ 2021ರಲ್ಲೇ ಆಪಲ್ ಚಿಪ್‌ಗೆ ನೇರವಾಗಿ ಬಂದಿದೆ, ನಡುವೆ ರೊಸೆಟ್ಟಾ ಇಲ್ಲ. ಒಂದು ಗಂಟೆ ಆಡಿದರೂ ಏರ್ ಬೆಚ್ಚಗಾಯಿತೇ ಹೊರತು ಬಿಸಿಯಾಗಲಿಲ್ಲ, ವೇಗ ಒಂದು ಅಂಕವೂ ಬೀಳಲಿಲ್ಲ. ಚಿತ್ರ ಬಿಡಿಸುವ ಶೇಡರ್ ಕೋಡ್ ತಯಾರಾಗುವಾಗಿನ ತಡವರಿಕೆ ಮೊದಲ ದಿನ ಇತ್ತು, ಹೈಬ್ರಿಡ್ ಉಬರ್‌ಶೇಡರ್ ಎಂಬ ಆಯ್ಕೆ ಹಾಕಿದ ಮೇಲೆ ಅದೂ ಹೋಯಿತು. ಯಂತ್ರ ದುರ್ಬಲವಲ್ಲ, ಎರಡು ಬಾರಿಯ ಅನುವಾದದ ಶಾಖ ಹೊರಗೆ ಹೋಗಲು ದಾರಿಯಿಲ್ಲ ಎಂಬುದು ಅಲ್ಲಿ ಖಚಿತವಾಯಿತು.

ಎಂ1 ಏರ್‌ನಲ್ಲಿ ಫ್ಯಾನ್ ಇಲ್ಲ. ನಾನು 1,100 ರೂಪಾಯಿಯ ಫ್ಯಾನ್ ಸ್ಟ್ಯಾಂಡ್ ತಂದು ಅದರ ಕೆಳಗಿಟ್ಟೆ. ವ್ಯತ್ಯಾಸ ಸೊನ್ನೆ. ಕಾರಣ, ಒಳಗಿನ ಶಾಖ ಹೀರುವ ತಗಡಿಗೂ ಕೆಳಗಿನ ಮುಚ್ಚಳಕ್ಕೂ ನಡುವೆ ಗಾಳಿಯ ತೆರವಿದೆ. ಮುಚ್ಚಳಕ್ಕೆ ಎಷ್ಟು ಗಾಳಿ ಬೀಸಿದರೂ ಚಿಪ್‌ಗೆ ಮುಟ್ಟುವುದಿಲ್ಲ. ಆ ತೆರವನ್ನು ಶಾಖ ದಾಟಿಸುವ ಥರ್ಮಲ್ ಪ್ಯಾಡ್‌ನಿಂದ ತುಂಬುವುದು ಹಲವರು ಮಾಡಿರುವ ಕೆಲಸ, ನಾನು ಕಂಡುಹಿಡಿದದ್ದಲ್ಲ. ಪ್ಯಾಡ್ ತರಲು ಮೈಸೂರಿಗೆ ಹೋದದ್ದು ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೋಗುವ ಜನಸಾಗರದಲ್ಲಿ ಸಿಕ್ಕಿ ಅರ್ಧ ದಿನ ಹೋಯಿತು. ಮೊದಲು ತಂದ ಪ್ಯಾಡ್ ತೆಳುವಾಗಿ ಮುಚ್ಚಳಕ್ಕೆ ತಾಗಲೇ ಇಲ್ಲ, 350 ರೂಪಾಯಿ ದಂಡ. ಎರಡನೆಯದು ದಪ್ಪವಾಗಿ ಮುಚ್ಚಳ ಕೂರಲಿಲ್ಲ. ಬಲವಂತವಾಗಿ ಒತ್ತಿದರೆ ಬೋರ್ಡ್ ಹೋಗುತ್ತದೆ ಎಂಬ ಭಯಕ್ಕೆ ಅದನ್ನೂ ತೆಗೆದೆ. ಮೂರನೆಯದು ಕೂತಿತು. ಮುಚ್ಚಳದ ಹತ್ತು ಐದುಮೂಲೆ ಸ್ಕ್ರೂಗಳ ಉದ್ದ ಬೇರೆಬೇರೆ, ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಇಟ್ಟುಕೊಳ್ಳಿ. ಪ್ಯಾಡ್ ಬ್ಯಾಟರಿಯ ಮೇಲೆ ಹೋಗಲೇಬಾರದು. ನಾನು ಅದನ್ನು ಕತ್ತರಿಸಿದ ಆಕಾರ ಮತ್ತು ಪದರ ಹಾಕಿದ ರೀತಿ ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಪ್ಯಾಡ್ ಹಾಕಿದ ಮೇಲೆ ಮೂಲೆಯಲ್ಲಿ ಬಿದ್ದಿದ್ದ ಫ್ಯಾನ್ ಸ್ಟ್ಯಾಂಡ್‌ಗೂ ಬೆಲೆ ಬಂತು. ಈಗ ಮುಚ್ಚಳವೇ ಶಾಖ ಬಿಡುತ್ತದೆ, ಅದಕ್ಕೆ ಗಾಳಿ ಬೇಕು. ಹದಿನೈದು ನಿಮಿಷಕ್ಕೆ ಬೀಳುತ್ತಿದ್ದ ವೇಗ ಒಂದೂವರೆ ಗಂಟೆಯಾದರೂ 100ರಲ್ಲೇ ನಿಂತಿತು. ತೊಡೆಯ ಮೇಲೆ ಮಾತ್ರ ಇಟ್ಟುಕೊಳ್ಳಬೇಡಿ, ಸುಡುತ್ತದೆ. ಚಾರ್ಜ್ ಪೂರ್ತಿ ಮಾಡಿಕೊಂಡೇ ಆಟಕ್ಕೆ ಕೂರುತ್ತೇನೆ. ಚಾರ್ಜ್ ಆಗುತ್ತ ಆಡಿದರೆ ಬ್ಯಾಟರಿಯ ಬಿಸಿಯೂ ಸೇರುತ್ತದೆ. ಹೊಸ ಐಎಸ್‌ಒಗಳನ್ನು ತುಂಬಿದ ದಿನ ಮ್ಯಾಕ್‌ನ ಹುಡುಕಾಟದ ತಂತ್ರಾಂಶ ಸ್ಪಾಟ್‌ಲೈಟ್ ಹಿಂದೆ ಕೂತು ಎಲ್ಲವನ್ನೂ ಓದುತ್ತಿರುತ್ತದೆ, ಆ ಫೋಲ್ಡರನ್ನು ಅದರಿಂದ ಹೊರಗಿಡಿ. 8 ಜಿಬಿಯಲ್ಲಿ ಆಲ್ಬಮ್ ಫೈಲ್ ತೆರೆದಿಟ್ಟು ಆಟ ಆಡುವ ಆಸೆ ಬೇಡ.

ಚಿತ್ರ ಬಿಡಿಸುವ ವಿಧಾನ, ಅಂದರೆ ರೆಂಡರರ್, ಆಪಲ್‌ನ ಮೆಟಲ್ ಇರಲಿ. ಬ್ಲೆಂಡಿಂಗ್ (ಬಣ್ಣಗಳ ಬೆರಕೆ) ನಿಖರತೆಯ ವಿಷಯದಲ್ಲಿ ಒಂದು ಒಳ್ಳೆಯ ಆಶ್ಚರ್ಯ ಕಾದಿತ್ತು. ಇಂಟೆಲ್ ಏರ್‌ನಲ್ಲಿ ಅದನ್ನು ಒಂದು ಮೆಟ್ಟಿಲು ಏರಿಸಿದರೂ ಯಂತ್ರ ಕುಸಿಯುತ್ತಿತ್ತು. ಎಂ1ನಲ್ಲಿ 'ಹೈ' ಮಟ್ಟಕ್ಕೆ ಏರಿಸಿದರೂ ಜಿಎಸ್ ಅಂಕಿ ನಾಲ್ಕೈದು ಏರಿತು, ಅಷ್ಟೇ. ಆಪಲ್ ಜಿಪಿಯು ಈಗಷ್ಟೇ ಬರೆದ ಬಣ್ಣವನ್ನು ಚಿಪ್‌ನೊಳಗಿನ ಮೆಮೊರಿಯಿಂದಲೇ ಮತ್ತೆ ಓದಬಲ್ಲದು. ಪಿಎಸ್2ನ ಜಿಎಸ್ ಕೂಡ ತನ್ನೊಳಗಿನ 4 ಎಂಬಿ ಮೆಮೊರಿಯಲ್ಲಿ ಹೀಗೇ ಬರೆದು ಓದುತ್ತಿತ್ತು. ಹೊಗೆ, ನೆರಳು, ನೀರಿನ ಹೊಳಪು ನಮ್ಮ ಪಾರ್ಲರ್‌ನಲ್ಲಿ ಕಂಡಂತೆಯೇ ಬಂದವು.

ಇಷ್ಟೆಲ್ಲ ಆದ ಮೇಲೆ ಏರ್‌ಗೆ ಯುಎಸ್‌ಬಿ ಹಬ್ (ಹಲವು ಕೇಬಲ್ ಸೇರಿಸುವ ಡಬ್ಬಿ) ಹಾಕಿ ಟಿವಿಗೆ ಜೋಡಿಸಿ ಭಾವಮೈದನನ್ನು ಕರೆದೆ. ಎರಡು ಸುತ್ತು ಓಡಿಸಿ, 'ಭಾವ, 100 ಅಂತ ತೋರಿಸುತ್ತಿದೆ, ಆದರೆ ರಸ್ತೆ ಕುಲುಕುತ್ತಿದೆ ನೋಡಿ' ಎಂದ. ಕುಲುಕುತ್ತಿದ್ದದ್ದು ನಿಜ. ನೇರ ರಸ್ತೆಯಲ್ಲಿ ಪಕ್ಕದ ಬೇಲಿ ಸೆಕೆಂಡಿಗೆ ಹಲವು ಸಲ ತಡೆದು ತಡೆದು ಹೋಗುತ್ತಿತ್ತು. ಇಇ 80, ಜಿಎಸ್ 35. ಯಾವುದೂ ಸೋತಿಲ್ಲ. ಅವನು ಗೆದ್ದೆ ಎಂದು ಊಟ ಮಾಡಿ ಮೈಸೂರಿಗೆ ಹೊರಟ. ಅದೇ ವಾರ ಕಂಟ್ರೋಲರ್ ಕೂಡ ಕಾಟ ಕೊಟ್ಟಿತು. ಬ್ಲೂಟೂತ್ ಆಗಾಗ ಕಡಿದುಹೋಗುತ್ತಿತ್ತು. ಅದೇ ಕೆಟ್ಟಿದೆ ಎಂದು ಹಳೆಯ ಡ್ಯುಯಲ್‌ಶಾಕ್ 4 ಇನ್ನೊಂದನ್ನು 2,200ಕ್ಕೆ ಕೊಂಡೆ. ಅದೂ ಕಡಿಯಿತು. ತಪ್ಪು ಯುಎಸ್‌ಬಿ 3 ಹಬ್‌ನದು. ಅದು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಮಾಡುತ್ತದೆ. 120 ರೂಪಾಯಿಯ ತಂತಿ ಹಾಕಿ ಹಬ್ ದೂರ ಇಟ್ಟೆ, ಸರಿಯಾಯಿತು.

ಕುಲುಕಿನ ಉತ್ತರ ಸಿಕ್ಕಿದ್ದು ನನ್ನ ಹೊಟ್ಟೆಪಾಡಿನ ಕೆಲಸದಿಂದ. ಪಾಂಡವಪುರದ ಕಡೆಯ ಒಂದು ಧಾರೆಯ ವಿಡಿಯೊ ಕೈಯಲ್ಲಿತ್ತು. ನಾವು ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಚಿತ್ರೀಕರಿಸುತ್ತೇವೆ, ಛತ್ರದ ಟ್ಯೂಬ್‌ಲೈಟ್ ಮಿನುಗದಿರಲಿ ಎಂದು. ಸಹಾಯಕ ಹುಡುಗ ಟೈಮ್‌ಲೈನನ್ನು 60ಕ್ಕೆ ಇಟ್ಟಿದ್ದ. ಮಂಟಪದಿಂದ ನೆಂಟರ ಸಾಲಿನ ಕಡೆಗೆ ಕ್ಯಾಮೆರಾ ತಿರುಗುವ ಕಡೆ ಚಿತ್ರ ತಡೆದು ತಡೆದು ಹೋಯಿತು. ಅದೇ ಕುಲುಕು, ನಮ್ಮ ಬೇಲಿಯದು! ನನ್ನ ಡಿಸ್ಕ್‌ಗಳೆಲ್ಲ ಪಾಲ್ ಎಂಬ ಟಿವಿ ಮಾದರಿಯವು, ಅಂದರೆ ಸೆಕೆಂಡಿಗೆ 50 ಚಿತ್ರ. ಏರ್‌ನ ಪರದೆ 60, ಟಿವಿಗೂ ಮ್ಯಾಕ್ ಕಳಿಸುತ್ತಿದ್ದದ್ದು 60. ಐವತ್ತು ಚಿತ್ರಗಳನ್ನು ಅರವತ್ತು ಮನೆಗಳಿಗೆ ಹಂಚಬೇಕಾದರೆ ಪ್ರತಿ ಐದನೆಯ ಚಿತ್ರ ಎರಡು ಸಲ ಬರುತ್ತದೆ. ಪಾರ್ಲರಿನ ಡಬ್ಬಾ ಟಿವಿ 50ರಲ್ಲೇ ನಡೆಯುತ್ತಿತ್ತು, ಆದ್ದರಿಂದ ಅಲ್ಲಿ ಬೆಣ್ಣೆಯಂತೆ ಓಡುತ್ತಿತ್ತು.

ಎಡಿಟಿಂಗ್ ಬಿಟ್ಟು ಎದ್ದು ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ಟಿವಿಯ ರಿಫ್ರೆಶ್ ರೇಟನ್ನು 50 ಹರ್ಟ್ಸ್ ಮಾಡಿದೆ. ಟಿವಿ 4ಕೆ ಆಗಿದ್ದರೂ 1080ಪಿಗೆ ಇಳಿಸಿ, ಟಿವಿಯ ಗೇಮ್ ಮೋಡ್ ಹಾಕಿದೆ. ಪಿಸಿಎಸ್‌ಎಕ್ಸ್2ನಲ್ಲಿ ಫ್ರೇಮ್‌ಗಳನ್ನು ಪರದೆಯ ತಾಳಕ್ಕೆ ಕೂರಿಸುವ ವಿಸಿಂಕ್ ಮತ್ತು ಆಟದ ವೇಗವನ್ನು ಪರದೆಯ ರಿಫ್ರೆಶ್‌ಗೆ ಹೊಂದಿಸುವ ಆಯ್ಕೆ, ಎರಡನ್ನೂ ಆನ್ ಮಾಡಿದೆ. ಬೇಲಿ ಗೆರೆ ಎಳೆದಂತೆ ಹರಿಯಿತು. ರಾತ್ರಿ ಒಂದು ಗಂಟೆಯಲ್ಲಿ ಮನೆಯವರನ್ನು ಎಬ್ಬಿಸಿ ತೋರಿಸಿದೆ. ಕೆಲವು ಆಟಗಳು ಶುರುವಿನಲ್ಲೇ 60 ಹರ್ಟ್ಸ್ ಬೇಕೇ ಎಂದು ಕೇಳುತ್ತವೆ, ಅಂಥವನ್ನು ಏರ್‌ನ ಪರದೆಯಲ್ಲೇ ಆಡುತ್ತೇನೆ. ನನ್ನ ಹಬ್ ಮೊದಲು 50 ತೋರಿಸಲೇ ಇಲ್ಲ. ಅದಕ್ಕೆ ಮಾಡಿದ ಉಪಾಯ ಮತ್ತು ಗ್ರಾನ್ ಟುರಿಸ್ಮೊಗೆಂದೇ ಇಟ್ಟ ಪ್ರತ್ಯೇಕ ಸೆಟ್ಟಿಂಗ್ ಇಲ್ಲಿ ಬೇಡ. ಮನೆಗೆ ಬಂದರೆ ತೋರಿಸುತ್ತೇನೆ.

ಆಮೇಲೆ ಶಾಡೊ ಆಫ್ ದಿ ಕೊಲೊಸಸ್ ಮೇಲೆ ಕೈ ಹಾಕಿದೆ. ದೈತ್ಯರ ಮೈ ಹತ್ತಿ ಹೋರಾಡುವ 2005ರ ಆಟ, ಅಸಲಿ ಪಿಎಸ್2ನಲ್ಲೇ ಏದುಸಿರು ಬಿಡುತ್ತಿತ್ತು. ಇದಕ್ಕೆ ಇಇ ರೇಟ್ ಇಳಿಸುವುದಲ್ಲ, ಏರಿಸಬೇಕು. 130ಕ್ಕೆ ಏರಿಸಿದಾಗ ದೈತ್ಯನ ಬೆನ್ನು ಹತ್ತುವ ಕಡೆಯೂ ಅಂದಿಗಿಂತ ನಯವಾಗಿ ಬಂತು. 180ಕ್ಕೆ ಏರಿಸಿದರೆ ಏರ್ ಸೋತು ಶೇ. 70ಕ್ಕೆ ಬಿತ್ತು. 130ರಲ್ಲೇ ನಿಲ್ಲಿಸಿದ್ದೇನೆ.

ಒಟ್ಟು ಖರ್ಚನ್ನು ಬರೆದಿಟ್ಟಿಲ್ಲ. ಲ್ಯಾಪ್‌ಟಾಪ್ ಬಿಟ್ಟು ಎಂಟು ಸಾವಿರದ ಒಳಗೆ ಆಗಿರಬೇಕು, ಅದರಲ್ಲಿ ಮೂರು ಸಾವಿರದಷ್ಟು ಬೇಡದ ಖರ್ಚು. ಭಾವಮೈದ ಶ್ರಾವಣದ ಮೊದಲ ಭಾನುವಾರ ಬಂದ, ಮಧ್ಯಾಹ್ನ ಕೂತವನು ರಾತ್ರಿ ಕೊನೆಯ ಬಸ್ಸಿಗೆ ಎದ್ದ. ಹೋಗುವಾಗ ಅವನ ಮಾನಿಟರ್‌ನಲ್ಲಿ 50 ಬರುತ್ತದೆಯೇ ಎಂದು ಕೇಳಿದ. ಅಟ್ಟದ ಡಬ್ಬದಲ್ಲಿ ಓದದ ಡಿಸ್ಕ್‌ಗಳು ಇನ್ನೂ ಏಳೆಂಟಿವೆ. ಅವುಗಳಲ್ಲೊಂದು 2009ರಲ್ಲಿ ಹೈದರಾಬಾದಿನಲ್ಲಿ ಪಿಎಸ್2ಗೆಂದೇ ಮಾಡಿದ ಹನುಮಾನ್: ಬಾಯ್ ವಾರಿಯರ್. ಗೀರು ಆಳವಾಗಿದೆ, ಅರ್ಧಕ್ಕೆ ಬಂದು ಡ್ರೈವ್ ನಿಂತುಬಿಡುತ್ತದೆ. ಅವನ ಕಂಪ್ಯೂಟರಿನ ಡ್ರೈವ್ ಬೇರೆ ಮಾದರಿಯದು, ಬರುವ ವಾರ ಅದನ್ನು ಬಿಚ್ಚಿಕೊಂಡು ಬರುತ್ತಾನೆ.